ಖಾಲಿ ಕೊಕ್ಕೆಯಲ್ಲಿ ಜಿ ಎಷ್ಟು? ಒಂದು ಉತ್ತರ ಪತ್ರಿಕೆಯ ಪ್ರಕರಣ

ಪ್ರಶ್ನೆ ಚಿಕ್ಕದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿದೆ. (ಅ) ಅಲ್ಲಿ ಗುರುತ್ವ ಕ್ಷೇತ್ರದ ತೀವ್ರತೆ ಎಷ್ಟು? (ಆ) ಅಲ್ಲಿ ಗಗನಯಾತ್ರಿಗಳು ತೇಲುವುದು ಏಕೆ?

(ಅ)ಗೆ ಹುಡುಗಿ ಬರೆದಿದ್ದು 2,491 ನ್ಯೂಟನ್/ಕೆಜಿ. ಉತ್ತರದ ಕೆಳಗೆ ನೀಟಾಗಿ ಎರಡು ಗೆರೆ. (ಆ)ಗೆ ಬರೆದಿದ್ದು: "ಅಲ್ಲಿ ಗುರುತ್ವ ಇಲ್ಲ, ಅದಕ್ಕೆ."

ಎರಡು ಉತ್ತರಗಳ ನಡುವೆ ಇದ್ದದ್ದು ಒಂದೂವರೆ ಸಾಲಿನ ಜಾಗ. ಮೇಲಿನ ಸಾಲಿನಲ್ಲಿ ನೆಲಕ್ಕಿಂತ 250 ಪಟ್ಟು ಜಾಸ್ತಿ ಗುರುತ್ವ, ಕೆಳಗಿನ ಸಾಲಿನಲ್ಲಿ ಸೊನ್ನೆ. ಬರೆದದ್ದು ಒಂದೇ ಕೈ, ಒಂದೇ ಪೆನ್ನು, ಬಹುಶಃ ಐದು ನಿಮಿಷದ ಅಂತರದಲ್ಲಿ. ಅವಳಿಗೆ ಇದು ವಿಚಿತ್ರ ಅಂತ ಅನ್ನಿಸಲೇ ಇಲ್ಲ. ನನ್ನ ಕುತೂಹಲ ಕೆರಳಿಸಿದ್ದು ಅದೇ.

ನಾನು ಮನೆಯಲ್ಲಿ ಕೆಲವು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಹುಡುಗಿ ದಡ್ಡಿಯಲ್ಲ. ಲೆಕ್ಕ ಚುರುಕು, ಸೂತ್ರಗಳೆಲ್ಲ ಬಾಯಲ್ಲೇ ಇವೆ. ಹಾಗಾಗಿ "ಸರಿಯಾಗಿ ಓದಿಕೊಂಡು ಬಾ" ಅಂತ ಕಳಿಸಿದರೆ ಏನೂ ಆಗುತ್ತಿರಲಿಲ್ಲ. ಅವಳು ಓದಿದ್ದಳು.

ಮೊದಲು 2,491 ಎಲ್ಲಿಂದ ಬಂತು ನೋಡಿದೆ. ಚಿಕ್ಕ ಜಿ (ಗುರುತ್ವ ಕ್ಷೇತ್ರದ ತೀವ್ರತೆ) ಅಂದರೆ ದೊಡ್ಡ ಜಿ (ಗುರುತ್ವ ಸ್ಥಿರಾಂಕ) ಗುಣಿಸು ಭೂಮಿಯ ದ್ರವ್ಯರಾಶಿ, ಭಾಗಿಸು ದೂರದ ವರ್ಗ. ಮೇಲಿನ ಗುಣಾಕಾರ 3.986 × 10¹⁴. ಅದು ಸರಿಯಾಗಿತ್ತು. ಕೆಳಗೆ ದೂರ ಅಂತ ಅವಳು 400 ಕಿಲೋಮೀಟರ್ ಹಾಕಿದ್ದಳು. ಹಾಕಬೇಕಾದದ್ದು ಭೂಮಿಯ ಕೇಂದ್ರದಿಂದ ಇರುವ ದೂರ, ಅಂದರೆ ಭೂಮಿಯ ತ್ರಿಜ್ಯ 6,371 ಕೂಡಿಸು 400. ಇದು ತುಂಬಾ ಮಾಮೂಲಿ ತಪ್ಪು. ಪ್ರಶ್ನೆಯಲ್ಲಿ ಒಂದೇ ಒಂದು ದೂರ ಕೊಟ್ಟಿದ್ದರೆ ಕೈ ಅದನ್ನೇ ಎತ್ತಿ ಸೂತ್ರಕ್ಕೆ ತುಂಬುತ್ತದೆ.

"ಇದೇ ಲೆಕ್ಕದಲ್ಲಿ ಎತ್ತರ ಸೊನ್ನೆ ಅಂತ ಹಾಕು. ನೆಲದ ಮೇಲೆ ಎಷ್ಟು ಬರುತ್ತೆ?" ಅಂತ ಕೇಳಿದೆ.

ಅವಳು ಪೆನ್ನು ಎತ್ತಿದವಳು ಹಾಗೇ ನಿಂತಳು. "ಸೊನ್ನೆಯಿಂದ ಭಾಗಿಸಕ್ಕಾಗಲ್ಲ ಸಾರ್."

"ಹಾಗಾದ್ರೆ ನಾವಿಬ್ರೂ ಈಗ ಅನಂತ ಭಾರ ಇರ್ಬೇಕಲ್ವಾ?"

ನಕ್ಕಳು. ತಕ್ಷಣ ತಿದ್ದಿಕೊಂಡಳು, ಸರಿಯಾದ ಉತ್ತರ 8.69 ಬಂತು. ಮುಂದೆ ನನಗಾದದ್ದು ಆಶ್ಚರ್ಯ. 8.69 ಅಂತ ಬರೆದು ಮುಗಿಸಿದವಳು (ಆ) ಉತ್ತರದ ಕಡೆ ಕಣ್ಣು ಹಾಯಿಸಲಿಲ್ಲ. ನೆಲದ ಮೇಲೆ 9.8, ಅಲ್ಲಿ 8.69, ಅಂದರೆ ನೂರಕ್ಕೆ 89ರಷ್ಟು ಉಳಿದೇ ಇದೆ. ಆದರೂ "ಅಲ್ಲಿ ಗುರುತ್ವ ಇಲ್ಲ" ಅನ್ನುವ ಸಾಲು ಹಾಗೇ ಕೂತಿತ್ತು. ಅವಳ ಪಾಲಿಗೆ ಲೆಕ್ಕದ ಜಿ ಬೇರೆ, ತೇಲುವ ವಿಷಯ ಬೇರೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸೀದಾ ಕ್ಷೇತ್ರದ ಚಿತ್ರ ಬರೆಯಲು ಹೊರಟೆ. ನಡುವೆ ಭೂಮಿ, ಸುತ್ತಲಿಂದ ಒಳಗೆ ನುಗ್ಗುವ ಬಾಣಗಳು, ದೂರ ಹೋದಷ್ಟೂ ಬಾಣಗಳ ನಡುವೆ ಅಂತರ. ಹತ್ತು ನಿಮಿಷ ಮಾತಾಡಿದೆ. ಅವಳು ತಲೆ ಆಡಿಸಿದಳು, ಚಿತ್ರವನ್ನು ನನಗಿಂತ ಚೆನ್ನಾಗಿ ನಕಲು ಮಾಡಿಕೊಂಡಳು. ಆಮೇಲೆ ಕೇಳಿದಳು: "ಸಾರ್, ಟೇಬಲ್ ಮೇಲಿರೋ ಈ ಪುಸ್ತಕ ಬೀಳ್ತಾ ಇಲ್ಲ. ವೇಗೋತ್ಕರ್ಷ ಸೊನ್ನೆ. ಆದ್ರೂ ಇಲ್ಲಿ ಜಿ 9.8 ಅಂತೀರಲ್ಲ, ಯಾವುದರ ವೇಗೋತ್ಕರ್ಷ ಅದು?"

ಎಂಥ ಒಳ್ಳೇ ಪ್ರಶ್ನೆ. ಬಾಣಗಳ ಚಿತ್ರದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಹಾಳೆ ಮಡಚಿಟ್ಟೆ.

ಈ ಗೊಂದಲಕ್ಕೆ ಅರ್ಧ ಕಾರಣ ನಾವು ಹೇಳಿಕೊಡುವ ಕ್ರಮ ಅಂತ ನನ್ನ ಅಭಿಪ್ರಾಯ. ಮಕ್ಕಳಿಗೆ ಚಿಕ್ಕ ಜಿ ಮೊದಲು ಸಿಗುವುದು "ಗುರುತ್ವ ವೇಗೋತ್ಕರ್ಷ" ಅನ್ನುವ ಹೆಸರಿನಲ್ಲಿ, ಮೀಟರ್/ಸೆಕೆಂಡ್² ಅನ್ನುವ ಏಕಮಾನದಲ್ಲಿ. ಕಲ್ಲು ಬೀಳುತ್ತದೆ, ವೇಗ ಹೆಚ್ಚುತ್ತದೆ, ಅದೇ ಜಿ. ಎರಡು ವರ್ಷ ಬಿಟ್ಟು ಅದೇ ಅಕ್ಷರ, ಅದೇ ಸಂಖ್ಯೆ "ಕ್ಷೇತ್ರದ ತೀವ್ರತೆ" ಅಂತ ವೇಷ ಹಾಕಿಕೊಂಡು ಬರುತ್ತದೆ. ಆಗ ಏಕಮಾನ ನ್ಯೂಟನ್/ಕೆಜಿ. ಎರಡೂ ಒಂದೇ ಅಂತ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ನ್ಯೂಟನ್ ಅನ್ನು ಬಿಡಿಸಿದರೆ ಕೆಜಿ ಮೀಟರ್/ಸೆಕೆಂಡ್², ಕೆಜಿಯಿಂದ ಭಾಗಿಸಿದರೆ ಮೀಟರ್/ಸೆಕೆಂಡ್², ಸರಿ. ಆದರೆ ಮಕ್ಕಳ ತಲೆಯಲ್ಲಿ ಜಿ ಅನ್ನುವುದು ಬೀಳುವ ವಸ್ತುವಿನ ಗುಣವಾಗಿ ಆಗಲೇ ಗಟ್ಟಿಯಾಗಿರುತ್ತದೆ. ಬೀಳುವುದು ಇಲ್ಲದಿದ್ದರೆ ಜಿ ಇಲ್ಲ. ವಸ್ತುವೇ ಇಲ್ಲದಿದ್ದರೆ ಕೇಳುವುದೇ ಬೇಡ.

ಅದು ಎಷ್ಟು ಗಟ್ಟಿಯಾಗಿದೆ ಅಂತ ನನಗೆ ಗೊತ್ತಾದದ್ದು ಒಂದು ಸ್ಪ್ರಿಂಗ್ ತಕ್ಕಡಿಯಿಂದ.

5 ನ್ಯೂಟನ್ ತನಕ ತೋರಿಸುವ ಹಳೇ ತಕ್ಕಡಿ. ಅದನ್ನು ಕಿಟಕಿಯ ಸರಳಿಗೆ ಕಟ್ಟಿ, 100 ಗ್ರಾಂ ಬಟ್ಟು ಹಾಕಿದೆವು. ಮುಳ್ಳು ಒಂದರ ಗೆರೆಯ ಹತ್ತಿರ ನಿಂತಿತು. 200 ಗ್ರಾಂ ಹಾಕಿದಾಗ 1.95. 400 ಗ್ರಾಂಗೆ 3.9. ಬಲವನ್ನು ಕೆಜಿಯಿಂದ ಭಾಗಿಸು ಅಂದೆ. 10, 9.75, 9.75. ಮೊದಲನೆಯದು ಸ್ವಲ್ಪ ಆಚೀಚೆ. ಸಣ್ಣ ತೂಕಕ್ಕೆ ಗೆರೆ ಓದುವಾಗ ಅಷ್ಟು ತಪ್ಪು ಆಗಿಯೇ ಆಗುತ್ತದೆ.

"ಬಟ್ಟು ಬದಲಾಯ್ತು, ಬಲ ಬದಲಾಯ್ತು. ಭಾಗಿಸಿದ್ರೆ ಬರೋ ಸಂಖ್ಯೆ ಬದಲಾಗ್ಲಿಲ್ಲ. ಹಾಗಾದ್ರೆ ಆ ಸಂಖ್ಯೆ ಬಟ್ಟಿನದಾ?"

"ಅಲ್ಲ. ಭೂಮಿದು."

ಪೂರ್ತಿ ಸರಿಯಲ್ಲ, ಆದರೆ ಹತ್ತಿರ ಬಂದಿದ್ದಳು. ಬಟ್ಟುಗಳನ್ನೆಲ್ಲ ತೆಗೆದು ಟೇಬಲ್ ಮೇಲಿಟ್ಟೆ. ಕೊಕ್ಕೆ ಖಾಲಿ. ಮುಳ್ಳು ಸೊನ್ನೆಗೆ ಬಂದು ನಿಂತಿತು.

"ಈಗ ಈ ಕೊಕ್ಕೆ ಇರೋ ಜಾಗದಲ್ಲಿ ಜಿ ಎಷ್ಟು?"

"ಸೊನ್ನೆ," ಅಂದಳು. ಒಂದು ಕ್ಷಣವೂ ಯೋಚಿಸಲಿಲ್ಲ.

ಕಾಯಿಲೆ ಸಿಕ್ಕಿತು. ಮುಳ್ಳು ತೋರಿಸುವುದೇ ಗುರುತ್ವ. ಮುಳ್ಳು ಸೊನ್ನೆ ಆದರೆ ಗುರುತ್ವ ಸೊನ್ನೆ. ಗಗನಯಾತ್ರಿ ತಕ್ಕಡಿಯ ಮೇಲೆ ನಿಂತರೂ ಸೊನ್ನೆ ತೋರಿಸುತ್ತದೆ, ಆದ್ದರಿಂದ ಅಲ್ಲಿ ಗುರುತ್ವ ಇಲ್ಲ. ಅವಳ (ಆ) ಉತ್ತರ ಉಡಾಫೆಯಿಂದ ಬಂದದ್ದಲ್ಲ, ಅದರ ಹಿಂದೆ ಒಂದು ತರ್ಕ ಇತ್ತು.

ಸರಿ, ಈಗ 300 ಗ್ರಾಂ ಹಾಕುತ್ತೇನೆ, ಹಾಕುವ ಮೊದಲೇ ಮುಳ್ಳು ಎಲ್ಲಿ ನಿಲ್ಲುತ್ತೆ ಹೇಳು ಅಂದೆ.

"2.94."

"ಬಟ್ಟು ಇನ್ನೂ ನನ್ನ ಕೈಯಲ್ಲೇ ಇದೆ. ಹೇಗೆ ಗೊತ್ತಾಯ್ತು?"

"ಇಲ್ಲಿ ಕೆಜಿಗೆ 9.8 ಅಲ್ವಾ ಸಾರ್..." ಅಂದವಳು ಅಲ್ಲೇ ನಿಲ್ಲಿಸಿದಳು. ಖಾಲಿ ಕೊಕ್ಕೆ ನೋಡಿದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. "ಅಂದ್ರೆ ಅದು ಮೊದಲೇ ಇರುತ್ತಾ?"

ಹೌದು, ಮೊದಲೇ ಇರುತ್ತದೆ. ಕ್ಷೇತ್ರದ ತೀವ್ರತೆ ಅಂದರೆ ಒಂದು ದರ, ಅಷ್ಟೇ: ಈ ಜಾಗಕ್ಕೆ ಒಂದು ಕೆಜಿ ತಂದರೆ ಇಷ್ಟು ನ್ಯೂಟನ್ ಎಳೆತ. ಯಾರೂ ಏನೂ ತರದಿದ್ದರೂ ದರ ಇದ್ದೇ ಇರುತ್ತದೆ. ತಂದದ್ದು ಬಿದ್ದರೂ, ಬೀಳದಿದ್ದರೂ, ಮೇಲಕ್ಕೆ ಎಸೆದರೂ ದರ ಅದೇ. ಟೇಬಲ್ ಮೇಲಿನ ಪುಸ್ತಕದ ಪ್ರಶ್ನೆಗೆ ಅವಳೇ ಉತ್ತರ ಹೇಳಿದಳು: ಎಳೆತ ಇದೆ, ಟೇಬಲ್ ಅಷ್ಟೇ ಬಲದಿಂದ ಮೇಲಕ್ಕೆ ತಳ್ಳುತ್ತಿದೆ, ಅದಕ್ಕೇ ಪುಸ್ತಕ ಅಲ್ಲಾಡುತ್ತಿಲ್ಲ. ಟೇಬಲ್ ತೆಗೆದರೆ ಆ 9.8 ವೇಗೋತ್ಕರ್ಷವಾಗಿ ಕಾಣಿಸಿಕೊಳ್ಳುತ್ತದೆ.

"ಭೂಮಿದು" ಅನ್ನುವುದನ್ನೂ ಅಲ್ಲೇ ಸ್ವಲ್ಪ ತಿದ್ದಬೇಕಿತ್ತು. ಸಂಖ್ಯೆ ಭೂಮಿಯಿಂದಾಗಿ ಬಂದದ್ದು, ಆದರೆ ಅದು ಜಾಗದ್ದು. ಭೂಮಿಯ ಮೇಲೇ ಸಮಭಾಜಕದ ಹತ್ತಿರ 9.78, ಧ್ರುವಗಳಲ್ಲಿ 9.83. ಭೂಮಿ ತಿರುಗುವುದು ಒಂದು ಕಾರಣ, ನಡುವೆ ಸ್ವಲ್ಪ ಉಬ್ಬಿರುವುದು ಇನ್ನೊಂದು. ನಮ್ಮ ತಕ್ಕಡಿಗೆ ಈ ವ್ಯತ್ಯಾಸ ಕಾಣಿಸುವುದಿಲ್ಲ. ಆದರೆ ಗಡಿಯಾರಕ್ಕೆ ಕಂಡಿತ್ತು. 1672ರಲ್ಲಿ ಜೀನ್ ರಿಷೆ ಅನ್ನುವ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದ ಕಯೆನ್‌ನಲ್ಲಿದ್ದಾಗ, ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಗಡಿಯಾರ ಕೆಟ್ಟಿರಲಿಲ್ಲ. ಜಾಗ ಬದಲಾಗಿತ್ತು. ನನಗೆ ಈ ಕಥೆ ತುಂಬಾ ಇಷ್ಟ, ಅದಕ್ಕೆ ಸಂದರ್ಭ ಸಿಕ್ಕಾಗಲೆಲ್ಲ ಹೇಳಿಬಿಡುತ್ತೇನೆ.

ಇಷ್ಟಾದ ಮೇಲೆ ಎತ್ತರದ ಪಟ್ಟಿ ಅವಳೇ ಮಾಡಿದಳು. ನೆಲದಲ್ಲಿ 9.82. 400 ಕಿಲೋಮೀಟರಿಗೆ 8.69. ಭೂಮಿಯ ಒಂದು ತ್ರಿಜ್ಯದಷ್ಟು ಮೇಲೆ ಹೋದರೆ? "ಅರ್ಧ" ಅಂತ ಬಾಯಿ ಬಿಟ್ಟವಳು ತಾನೇ ನಾಲಿಗೆ ಕಚ್ಚಿಕೊಂಡು "ಕಾಲು ಭಾಗ, 2.45" ಅಂದಳು. ದೂರ ಎರಡು ಪಟ್ಟು, ವರ್ಗ ನಾಲ್ಕು ಪಟ್ಟು. ನೆಲದ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ 0.22. ಚಂದ್ರನ ದೂರ ಭೂಮಿಯ ತ್ರಿಜ್ಯದ 60 ಪಟ್ಟು, ಆದ್ದರಿಂದ 9.8ನ್ನು 3,600ರಿಂದ ಭಾಗಿಸಿ 0.0027. ಪಟ್ಟಿಯಲ್ಲಿ ಎಲ್ಲೂ ಸೊನ್ನೆ ಬರಲಿಲ್ಲ. ಅದನ್ನು ಅವಳೇ ಗಮನಿಸಿದಳು.

ಹಾಗಾದರೆ ಅವರು ತೇಲುವುದು ಏಕೆ?

ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು, ತಳದ ಹತ್ತಿರ ಪಕ್ಕಕ್ಕೆ ಕಾದ ಮೊಳೆಯಿಂದ ಒಂದು ತೂತು ಮಾಡಿದೆ. ಮುಚ್ಚಳ ತೆಗೆದು ನೀರು ತುಂಬಿದರೆ ತೂತಿನಿಂದ ಬಾಗಿದ ಧಾರೆ ಸುರಿಯುತ್ತದೆ. ಅಂಗಳದಲ್ಲಿ ಅವಳು ಸ್ಟೂಲ್ ಮೇಲೆ ನಿಂತು ಬಾಟಲಿ ಕೈಬಿಟ್ಟಳು. ನಾನು ಫೋನಿನಲ್ಲಿ ನಿಧಾನಗತಿಯ ವಿಡಿಯೋ ಹಿಡಿದೆ. ಎರಡು ಮೀಟರ್ ಎತ್ತರ, ಮುಕ್ಕಾಲು ಸೆಕೆಂಡೂ ಇಲ್ಲ. ಮೊದಲ ಸಲ ಬಾಟಲಿ ಗಿರಕಿ ಹೊಡೆದು ನೀರು ಎರಚಿ ಏನೂ ಕಾಣಲಿಲ್ಲ. ಎರಡನೇ ಸಲವೂ ಹಾಗೇ. ಮೂರನೇ ಸಲ ನೆಟ್ಟಗೆ ಬಿತ್ತು.

ವಿಡಿಯೋ ನಾಲ್ಕು ಸಲ ನೋಡಿದೆವು. ಕೈಬಿಟ್ಟ ಕೂಡಲೇ ಧಾರೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ತೂತು ಇದೆ, ನೀರು ಇದೆ, ಆದರೆ ಒಂದು ಹನಿಯೂ ಹೊರಗೆ ಬರುತ್ತಿಲ್ಲ.

"ಬೀಳ್ತಾ ಇರೋವಾಗ ನಮ್ಮ ಅಂಗಳದಲ್ಲಿ ಗುರುತ್ವ ಆಫ್ ಆಯ್ತಾ?"

"ಇಲ್ಲ... ಆಫ್ ಆಗಿದ್ರೆ ಬೀಳ್ತಾನೇ ಇರ್ಲಿಲ್ಲ."

ಮೇಲಿನ ನೀರು ಕೆಳಗಿನ ನೀರನ್ನು ಒತ್ತುವುದರಿಂದ ತೂತಿನಲ್ಲಿ ಧಾರೆ ಬರುತ್ತದೆ. ಬಾಟಲಿ, ಮೇಲಿನ ನೀರು, ಕೆಳಗಿನ ನೀರು ಎಲ್ಲವೂ ಒಂದೇ ದರದಲ್ಲಿ ಬೀಳುತ್ತಿದ್ದರೆ ಯಾರು ಯಾರನ್ನು ಒತ್ತಬೇಕು? ಒತ್ತಡ ಹೋಯಿತು, ಕ್ಷೇತ್ರ ಇದ್ದಲ್ಲೇ ಇದೆ. ತಕ್ಕಡಿ ಅಳೆಯುವುದು ಈ ಒತ್ತುವಿಕೆಯನ್ನು. ಗಗನಯಾತ್ರಿ ಬಾಟಲಿಯೊಳಗಿನ ನೀರು, ನಿಲ್ದಾಣ ಬಾಟಲಿ. ಇಬ್ಬರೂ ಬೀಳುತ್ತಿದ್ದಾರೆ.

"ಮತ್ತೆ ನೆಲಕ್ಕೆ ಯಾಕೆ ಬಡಿಯಲ್ಲ?" ಇದು ಬಂದೇ ಬರುವ ಪ್ರಶ್ನೆ. ಬಹಳ ಜನ ಇಲ್ಲಿ "ಹೊರಕ್ಕೆ ಎಳೆಯುವ ಬಲ ಸಮತೋಲನ ಮಾಡುತ್ತೆ" ಅಂತ ಏನೋ ಹೇಳಿ ಜಾರಿಕೊಳ್ಳುತ್ತಾರೆ. ಅದಕ್ಕಿಂತ ಒಂದೇ ಒಂದು ಸೆಕೆಂಡಿನ ಲೆಕ್ಕ ಮಾಡುವುದು ಒಳ್ಳೆಯದು. ನಿಲ್ದಾಣದ ವೇಗ ಸೆಕೆಂಡಿಗೆ ಸುಮಾರು 7.67 ಕಿಲೋಮೀಟರ್. ತೀವ್ರತೆ 8.69 ಇದ್ದರೆ ಆ ಒಂದು ಸೆಕೆಂಡಿನಲ್ಲಿ ಅದು ಬೀಳುವುದು ಅದರ ಅರ್ಧ, 4.3 ಮೀಟರ್. ಇನ್ನೊಂದು ಕಡೆಯಿಂದ, ಕಕ್ಷೆಯ ವೃತ್ತಕ್ಕೆ ತಾಗಿಕೊಂಡು ನೇರವಾಗಿ 7.67 ಕಿಲೋಮೀಟರ್ ಹೋದರೆ ಆ ವೃತ್ತ ನಮ್ಮ ಕೆಳಗೆ ಎಷ್ಟು ಬಾಗಿರುತ್ತದೆ? ದೂರದ ವರ್ಗ ಭಾಗಿಸು ತ್ರಿಜ್ಯದ ಎರಡು ಪಟ್ಟು. ಅದೂ 4.3 ಮೀಟರ್. ಎಷ್ಟು ಬಿತ್ತೋ ಅಷ್ಟೇ ದಾರಿಯೂ ಬಾಗಿತು. ಮುಂದಿನ ಸೆಕೆಂಡಿನಲ್ಲೂ ಅದೇ ಕಥೆ. ಸುಮಾರು 92 ನಿಮಿಷಕ್ಕೆ ಒಂದು ಸುತ್ತು.

ಎರಡು ಕಡೆಯಿಂದಲೂ 4.3 ಬಂದಾಗ ಅವಳು ಕ್ಯಾಲ್ಕುಲೇಟರ್‌ನಲ್ಲಿ ಇನ್ನೊಮ್ಮೆ ಒತ್ತಿ ನೋಡಿದಳು. ಆಮೇಲೆ (ಆ) ಉತ್ತರ ಹೊಡೆದುಹಾಕಿ, "ಎಲ್ಲರೂ ಒಟ್ಟಿಗೆ ಬೀಳ್ತಿರೋದ್ರಿಂದ" ಅಂತ ಬರೆದಳು. ಪರೀಕ್ಷೆಯ ಭಾಷೆ ಅಲ್ಲ, ಆದರೂ ನಾನು ಪೂರ್ತಿ ಅಂಕ ಕೊಟ್ಟೆ.

ಒಂದು ಗಂಟು ನಾನು ಅವತ್ತು ಬಿಡಿಸಲಿಲ್ಲ. ಎಲ್ಲವೂ ಒಂದೇ ದರದಲ್ಲಿ ಬೀಳುವುದು ಏಕೆ? ಕೆಜಿಗೆ ಇಷ್ಟು ಎಳೆತ ಅನ್ನುವ ಲೆಕ್ಕದ ಕೆಜಿಯೂ, ವಸ್ತುವನ್ನು ಅಲ್ಲಾಡಿಸಲು ಎಷ್ಟು ಕಷ್ಟ ಅನ್ನುವ ಲೆಕ್ಕದ ಕೆಜಿಯೂ ಒಂದೇ ಆಗಿರುವುದರಿಂದ. ಅವೆರಡೂ ಒಂದೇ ಆಗಿರಬೇಕು ಅಂತ ನ್ಯೂಟನ್‌ನ ನಿಯಮಗಳಲ್ಲಿ ಯಾವ ಬಲವಂತವೂ ಇಲ್ಲ. 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅಲ್ಲಿ ತೀವ್ರತೆ 1.62, ಗಾಳಿ ಇಲ್ಲ. ಇದನ್ನೇ ಇನ್ನೂ ಸೂಕ್ಷ್ಮವಾಗಿ ಅಳೆಯಲು ಫ್ರಾನ್ಸ್ ಮೈಕ್ರೋಸ್ಕೋಪ್ ಅನ್ನುವ ಉಪಗ್ರಹ ಹಾರಿಸಿತ್ತು. 2022ರಲ್ಲಿ ಬಂದ ಅದರ ಅಂತಿಮ ಫಲಿತಾಂಶದಲ್ಲಿ, 10¹⁵ರಲ್ಲಿ ಒಂದು ಪಾಲಿನ ಮಟ್ಟದವರೆಗೂ ವ್ಯತ್ಯಾಸ ಕಾಣಲಿಲ್ಲ. ಐನ್‌ಸ್ಟೈನ್ ತನ್ನ ಗುರುತ್ವ ಸಿದ್ಧಾಂತ ಕಟ್ಟಲು ಶುರು ಮಾಡಿದ್ದು ಇದೇ ಗಂಟಿನಿಂದ. ಹದಿನೇಳರ ಹುಡುಗಿಗೆ ಒಂದೇ ದಿನ ಇದೂ ಜಾಸ್ತಿ ಅನ್ನಿಸಿ ಬಿಟ್ಟೆ.

ಮೂರು ವಾರ ಬಿಟ್ಟು ಅವಳೇ ಒಂದು ಲೆಕ್ಕ ಮಾಡಿಕೊಂಡು ಬಂದಳು. ಭೂಮಿ ಚಂದ್ರರ ನಡುವೆ ಎರಡರ ಎಳೆತ ಸಮವಾಗುವ ಜಾಗ ಎಲ್ಲಿ? ಭೂಮಿಯ ದ್ರವ್ಯರಾಶಿ ಚಂದ್ರನ 81 ಪಟ್ಟು, ವರ್ಗಮೂಲ 9, ಆದ್ದರಿಂದ ದಾರಿಯ ಹತ್ತರಲ್ಲಿ ಒಂಬತ್ತು ಪಾಲು ದಾಟಿದ ಮೇಲೆ. ಭೂಮಿಯಿಂದ ಸುಮಾರು 3,46,000 ಕಿಲೋಮೀಟರ್. ಸೊಗಸಾದ ಲೆಕ್ಕ. ಕೆಳಗೆ ಬರೆದಿದ್ದಳು: "ಇಲ್ಲಿ ಜಿ = 0. ಇಲ್ಲಿಗೆ ಬಂದಾಗ ಗಗನಯಾತ್ರಿ ತೇಲಲು ಶುರು ಮಾಡುತ್ತಾನೆ."

ಹಳೇ ಕಾಯಿಲೆ ಹೊಸ ಜಾಗದಲ್ಲಿ ಮತ್ತೆ ತಲೆ ಎತ್ತಿತ್ತು. ನನಗೆ ಬೇಜಾರೇನೂ ಆಗಲಿಲ್ಲ. ಇಂಥ ಕಲ್ಪನೆ ಒಂದು ಏಟಿಗೆ ಸಾಯುವುದಿಲ್ಲ.

"ಸೂರ್ಯನನ್ನ ಬಿಟ್ಟೆಯಲ್ಲ," ಅಂದೆ.

ಸೂರ್ಯ ಅಷ್ಟು ದೂರ ಇದ್ದಾನೆ, ಏನು ಮಹಾ ಅನ್ನುವ ಮುಖ ಮಾಡಿ ಲೆಕ್ಕ ಹಾಕಿದಳು. 0.0059 ಬಂತು. ಅದೇ ಜಾಗದಲ್ಲಿ ಭೂಮಿಯದು 0.0033. ಚಂದ್ರನ ಬಳಿ ಭೂಮಿಯದು 0.0027, ಸೂರ್ಯನದು ಅದರ ಎರಡು ಪಟ್ಟಿಗೂ ಜಾಸ್ತಿ.

"ಹಾಗಾದ್ರೆ ಸೂರ್ಯ ಚಂದ್ರನನ್ನ ಕಿತ್ಕೊಂಡು ಹೋಗಲ್ವಾ ಸಾರ್?"

"ಸೂರ್ಯ ಭೂಮಿಗೆ ಕೆಜಿಗೆ ಎಷ್ಟು ಎಳೀತಾನೆ?"

"ಸುಮಾರು ಅಷ್ಟೇ, 0.0059." ಸ್ವಲ್ಪ ತಡೆದು, "ಓ. ಬಾಟಲಿ, ನೀರು," ಅಂದಳು.

ನಾನು ಮತ್ತೇನೂ ಹೇಳಲಿಲ್ಲ. ಅವಳು ಹಾಳೆ ತನ್ನ ಕಡೆ ಎಳೆದುಕೊಂಡು ಸೊನ್ನೆಯನ್ನು ಹೊಡೆದಳು, ಪಕ್ಕದಲ್ಲಿ 0.0059 ಅಂತ ಬರೆದಳು. ಕೆಳಗಿನ ಸಾಲಿಗೆ ಬಂದು ಪೆನ್ನು ಕಚ್ಚುತ್ತಾ ಕೂತಳು. ಆಮೇಲೆ "ಇಲ್ಲಿಗೆ ಬಂದಾಗ" ಅನ್ನುವುದನ್ನು ಹೊಡೆದುಹಾಕಿ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಳು: "ಎಂಜಿನ್ ಆಫ್ ಆದ ಕ್ಷಣದಿಂದ."